ಪಪ್ಪಾಯಿ ಹಾಕಿದ ಸಾರು

ಸಾಗರದ ಪೇಟೆಯಲ್ಲಿ ರೋವೆನಾಳನ್ನು ಕಂಡು "ನೀವು ಮಣಿಪುರದವ್ರಾ?" ಎಂದು ಕೇಳದವರಿಲ್ಲ. ಮೊದಮೊದಲು ಆಕೆ ನಿಂತು, ಅಲ್ಲ, ಫಿಲಿಪ್ಪೀನ್ಸ್ ಎಂದು ವಿವರಿಸುತ್ತಿದ್ದಳು. "ಓ, ನೇಪಾಳದ ಹತ್ರಾನಾ?" ಎನ್ನುತ್ತಿದ್ದರು. ಈಗೀಗ ಸುಮ್ಮನೆ ಹೂಂ ಎಂದು ಮುಂದೆ ನಡೆಯುತ್ತಾಳೆ. ಬಸುರಿ ಹೆಂಗಸು ತರಕಾರಿ ಚೀಲ ಹಿಡಿದುಕೊಂಡು ಬೀದಿಯಲ್ಲಿ ಭೂಗೋಳ ಪಾಠ ಮಾಡುತ್ತ ನಿಲ್ಲಲು ಆಗುತ್ತದೆಯೇ?

ಅವಳ ಗಂಡ ಯೋಗರಾಜ್ ಹೊಸನಗರ ತಾಲೂಕಿನ ಬಟ್ಟೆಮಲ್ಲಪ್ಪದ ಕಡೆಯವನು. ಮಸ್ಕತ್‌ನಲ್ಲಿ ಎ.ಸಿ. ರಿಪೇರಿ ಮಾಡಿಕೊಂಡಿದ್ದ. ಅವಳು ಅಲ್ಲೇ ಒಂದು ಬ್ಯೂಟಿ ಪಾರ್ಲರಿನಲ್ಲಿದ್ದಳು. ಪಾರ್ಲರಿನ ಎ.ಸಿ. ಪದೇ ಪದೇ ಕೆಡುತ್ತಿತ್ತು. ಹೊಸ ಮೆಷಿನ್ನು ಅಷ್ಟು ಸಲ ಹೇಗೆ ಕೆಟ್ಟಿತು ಎಂಬುದನ್ನು ಯೋಗರಾಜನನ್ನೇ ಕೇಳಬೇಕು. ಮದುವೆಯಾಯಿತು. ಅಲ್ಲಿಯೇ ಒಂದು ಬಸಿರು ನಿಂತು, ನಾಲ್ಕನೇ ತಿಂಗಳಲ್ಲಿ ಹೋಯಿತು. ಆಮೇಲೆ ಇಬ್ಬರಿಗೂ ಆ ಊರಲ್ಲಿ ಮನಸ್ಸು ನಿಲ್ಲಲಿಲ್ಲ. ಇಲ್ಲಿಗೆ ಬಂದು ಫ್ರಿಜ್ ರಿಪೇರಿ ಅಂಗಡಿ ಇಟ್ಟು, ಹೇಮಾವತಿ ಎಂಬವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಕೂತರು. ಈಗ ಮತ್ತೆ ಬಸಿರಾಗಿ ಐದು ತುಂಬಿತ್ತು. ಇದೊಂದು ಉಳಿಯಬೇಕು. ರೋವೆನಾಳಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ಉಳಿಸಿಕೊಳ್ಳುವ ದಾರಿಯೇನೋ ಊರೆಲ್ಲ ಹೇಳಿಕೊಡುತ್ತಿತ್ತು. ಒಬ್ಬರು ಎಳ್ಳು ಮುಟ್ಟಬೇಡ ಎಂದರೆ ಇನ್ನೊಬ್ಬರು ಅನಾನಸ್ ಬೇಡವೇ ಬೇಡ ಎಂದರು. ಸಂಜೆ ಹೊತ್ತು ಅಂಗಳಕ್ಕಿಳಿಯಬೇಡ ಎಂದವರು ಬೇರೆ. ಅತ್ತ ಅವಳ ತಾಯಿ, ನಾನಾಯ್ ಎಂದು ಕರೆಯುವುದು ಅವರ ಕಡೆಯ ರೂಢಿ, ವಿಡಿಯೋ ಕಾಲ್ ಮಾಡಿದಾಗಲೆಲ್ಲ ಮೊದಲು ಮಗಳ ಕುತ್ತಿಗೆಯನ್ನೇ ನೋಡಿ "ಸರ ತೆಗಿ, ಮಗುವಿಗೆ ಕರುಳಬಳ್ಳಿ ಸುತ್ತಿಕೊಳ್ಳುತ್ತೆ" ಎನ್ನುತ್ತಿದ್ದಳು. ಆ ಸರ ತಾಳಿ! ಅದನ್ನು ತೆಗೆದರೆ ಇಲ್ಲಿ ಅತ್ತೆ ಹಾಲಮ್ಮ ಸುಮ್ಮನಿರುತ್ತಾಳೆಯೇ? ಎರಡು ದೇಶದ ಹೆಂಗಸರೂ ಒಪ್ಪಿದ್ದು ಒಂದೇ ಒಂದು ವಿಷಯಕ್ಕೆ: ಜೋಡಿ ಬಾಳೆಹಣ್ಣು ತಿನ್ನಬಾರದು, ಅವಳಿ ಹುಟ್ಟುತ್ತವೆ. ಅದೊಂದನ್ನು ರೋವೆನಾ ನಿಶ್ಚಿಂತೆಯಿಂದ ಬಿಟ್ಟಿದ್ದಳು. ಉಳಿದದ್ದರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಲೆಬುಡ ತಿಳಿಯುತ್ತಿರಲಿಲ್ಲ.

ಹಾಲಮ್ಮ ಒಂದು ದಿನ ಫೋನಿನಲ್ಲಿ ಕೇಳಿದಳು. "ಎಂತ ತಿನ್ಬೇಕು ಅನ್ಸ್ತದೆ ಹೇಳು ಮಾರಾಯ್ತಿ. ಬಸ್ರಿ ಬಯಕೆ ಹೊಟ್ಟೇಲಿ ಇಟ್ಕಂಡ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತದೆ."

"ಕೋಳಿ, ಅತ್ತೆ. ನಮ್ಮ ಊರು ಕೋಳಿ ಸಾರು," ಎಂದಳು ರೋವೆನಾ.

"ಅಷ್ಟೇಯಾ? ನಾಳೆ ಬಸ್ಸಿಗೇ ನಾಟಿ ಕೋಳಿ ತಗಂಡು ಬತ್ತೀನಿ. ನೀನೇ ಮಾಡು, ನಿಮ್ಮೂರ ಥರಾನೇ ಮಾಡು."

ಆ ರಾತ್ರಿ ರೋವೆನಾ ಖುಷಿಯಲ್ಲಿ ನಿದ್ದೆಯನ್ನೇ ಮಾಡಲಿಲ್ಲ. ಇಲ್ಲಿನ ಕೋಳಿ ಸಾರಿನ ಮಸಾಲೆ ಹುರಿಯುವ ಘಾಟಿಗೇ ಅವಳಿಗೆ ವಾಂತಿ ಬರುತ್ತಿತ್ತು. ಅವಳ ತಾಯಿ ಮಾಡುವ ಟಿನೋಲಾ ಎಂಬ ಕೋಳಿ ಸಾರಿನಲ್ಲಿ ಹುರಿಯುವುದು, ರುಬ್ಬುವುದು ಏನೂ ಇಲ್ಲ. ಶುಂಠಿ ಜಜ್ಜಿ, ಕೋಳಿ ಹಾಕಿ, ಮಜ್ಜಿಗೆ ಹುಲ್ಲಿನ ಕಟ್ಟೊಂದನ್ನು ಇಳಿಬಿಟ್ಟು ಕುದಿಸಿ, ಎಳೆ ಪಪ್ಪಾಯಿಯ ಹೋಳು ಹಾಕಿ, ಕೊನೆಗೆ ನುಗ್ಗೆ ಸೊಪ್ಪು ಉದುರಿಸಿದರೆ ಮುಗಿಯಿತು. ಯೋಗರಾಜನ ಪ್ರಕಾರ ಅದು ಜ್ವರ ಬಂದವರಿಗೆ ಕುಡಿಸುವ ನೀರು. ಅವನಿಗೇನು ಗೊತ್ತು! ಅವಳ ಊರಲ್ಲಿ ಬಸುರಿಗೆ, ಬಾಣಂತಿಗೆ ಮೊದಲು ಕೊಡುವ ಊಟವೇ ಅದು.

ಬೆಳಿಗ್ಗೆ ಯೋಗರಾಜ್ ಯಾವುದೋ ಹೋಟೆಲಿನ ಫ್ರೀಜರ್ ನೋಡಲು ತೀರ್ಥಹಳ್ಳಿಗೆ ಹೋದ. ರೋವೆನಾ ಹಿತ್ತಲಿಗಿಳಿದು, ದೋಟಿಯಿಂದ ಹೇಮಾವತಿಯ ಮರದ ಒಂದು ಪಪ್ಪಾಯಿ ಕಾಯಿ ಕೆಡವಿದಳು. ಕಿಟಕಿಯಲ್ಲಿ ಹೇಮಾವತಿಯ ಮುಖ ಕಂಡಿತು.

"ಯಾರಿಗೆ ಅದು?"

"ನನಗೆ, ಅಕ್ಕ. ಅಡುಗೆ ಮಾಡ್ತೀನಿ."

ಹೇಮಾವತಿ ಬಾಯಿ ತೆರೆದು, ಮುಚ್ಚಿ, ಒಳಗೆ ಹೋಗಿಬಿಟ್ಟರು. ಕೇಳದೆ ಕಿತ್ತಿದ್ದಕ್ಕೆ ಸಿಟ್ಟಾದರೇನೋ ಎಂದು ರೋವೆನಾಳಿಗೆ ಪೆಚ್ಚೆನಿಸಿತು. ಸಾರು ಆದಮೇಲೆ ಒಂದು ಪಾತ್ರೆ ಅವರಿಗೂ ಕೊಟ್ಟರಾಯಿತು ಎಂದುಕೊಂಡು ಮೇಲೆ ಬಂದಳು.

ಹಾಲಮ್ಮ ಬಂದದ್ದು ಕೆಳಗೆ ಕೇಳಿಸಿತು. ಹೇಮಾವತಿ ಅವಳನ್ನು ತಡೆದು ಏನೋ ಪಿಸುಗುಟ್ಟಿದ್ದೂ ಕೇಳಿಸಿತು. ಮರುಗಳಿಗೆಯಲ್ಲಿ ಹಾಲಮ್ಮ ದಡದಡನೆ ಮೆಟ್ಟಿಲು ಹತ್ತಿ ಬಂದು, ಕೋಳಿಯ ಚೀಲವನ್ನು ನೆಲಕ್ಕೆ ಒಗೆದು, ಹೆಚ್ಚಿಟ್ಟ ಪಪ್ಪಾಯಿಯನ್ನು ತಟ್ಟೆ ಸಮೇತ ಕಿಟಕಿಯಿಂದ ಹಿತ್ತಲಿಗೆ ಎಸೆದಳು.

"ಎಂತ ಕೆಲ್ಸ ಮಾಡಾಕೆ ಹೊಂಟಿದೀಯೆ? ಒಂದು ಹೋಗಿದ್ದು ಸಾಕಾಗ್ಲಿಲ್ವಾ? ಮೊದ್ಲಿನ ಬಸ್ರಲ್ಲೂ ಹಿಂಗೇ ಎಂತದೋ ತಿಂದಿದೀಯ ನೀನು! ನಿಂಗೆ ಮಗು ಬ್ಯಾಡ್ವಾ?"

ರೋವೆನಾ ಕಕ್ಕಾಬಿಕ್ಕಿಯಾದಳು. ಮಗು, ಬ್ಯಾಡ್ವಾ. ಒಂದೊಂದು ಮಾತೂ ಅರ್ಥವಾಗಿತ್ತು. ಆದರೆ ನಿನ್ನೆ ನಿಮ್ಮೂರ ಥರಾನೇ ಮಾಡು ಎಂದವಳು ಇಂದು ತಟ್ಟೆ ಎಸೆಯುವುದೆಂದರೇನು? ಪಪ್ಪಾಯಿಗೂ ಮಗುವಿಗೂ ಎಲ್ಲಿಯ ಸಂಬಂಧ? ಅವಳು ಗಂಡನಿಗೆ ಫೋನ್ ಮಾಡಿದಳು.

"ಅಯ್ಯೋ, ಬಸುರಿಯರು ಪಪ್ಪಾಯಿ ತಿನ್ನಬಾರ್ದು ಕಣೆ," ಎಂದ ಯೋಗರಾಜ್. "ತಿಂದ್ರೆ ಹೊಟ್ಟೇಲಿರೋದು ಹೋಗುತ್ತೆ ಅಂತಾರೆ. ಇಲ್ಲಿ ಎಲ್ರಿಗೂ ಗೊತ್ತಿರೋದೇ, ಅದಕ್ಕೇ ನಿಂಗೆ ಯಾರೂ ಹೇಳಿಲ್ಲ."

"ನಿನಗೆ ಗೊತ್ತಿತ್ತಾ? ಮತ್ತೆ ಮಸ್ಕತ್‌ನಲ್ಲಿ ಯಾಕೆ ಹೇಳಲಿಲ್ಲ? ವಾರವಾರ ಮಾಡ್ತಿದ್ದೆ. ನೀನೂ ತಿಂತಿದ್ದೆ!"

"ಅದು ಪಪ್ಪಾಯಿನಾ?" ಎಂದ ಮೆಲ್ಲಗೆ. "ನಾನು ಸೋರೆಕಾಯಿ ಅಂದ್ಕೊಂಡಿದ್ದೆ."

ಎಂಥ ಗಂಡಸಪ್ಪಾ! ಇಡೀ ಎ.ಸಿ. ಬಿಚ್ಚಿ ಜೋಡಿಸುವವನಿಗೆ ತಟ್ಟೆಯಲ್ಲಿರುವುದು ಸೋರೆಯೋ ಪಪ್ಪಾಯಿಯೋ ತಿಳಿಯಬಾರದೇ? ಬೇರೆ ದಿನವಾಗಿದ್ದರೆ ರೋವೆನಾ ಬಿದ್ದುಬಿದ್ದು ನಗುತ್ತಿದ್ದಳು. ಈಗ ನಗು ಬರಲಿಲ್ಲ. ಹಾಗಾದರೆ ಆ ಮಗುವನ್ನು ತಾನೇ ಕೊಂದೆನೇ? ತನ್ನ ಕೈಯಾರೆ ಹೆಚ್ಚಿ, ಬೇಯಿಸಿ, ಪ್ರೀತಿಯಿಂದ ಊದಿ ಊದಿ ಕುಡಿದು?

ನಾನಾಯ್‌ಗೆ ಕಾಲ್ ಮಾಡಿದಳು. ಆಕೆ ನಕ್ಕುಬಿಟ್ಟಳು. "ನೀವೈದೂ ಜನ ಹೊಟ್ಟೇಲಿದ್ದಾಗ ಅದನ್ನೇ ತಿಂದಿದ್ದು. ಏನಾಗಿದೆ ನಿಮಗೆ?" ಮಧ್ಯಾಹ್ನ ಯೋಗರಾಜ್ ಓಡಿಬಂದು ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರಮ್ಮ ಪರೀಕ್ಷೆ ಮಾಡಿ ಮಗು ಚೆನ್ನಾಗಿದೆ ಎಂದರು. "ಕಾಯಿ ಪಪ್ಪಾಯಿ ಈಗ ಬೇಡಮ್ಮ, ಹೆರಿಗೆಯಾಗಲಿ. ಆದ್ರೆ ಆ ಮಗು ಅದರಿಂದಲೇ ಹೋಯ್ತು ಅಂತ ಹೇಳೋಕಾಗಲ್ಲ. ಎಷ್ಟೋ ಸಲ ಯಾಕೆ ಹೋಯ್ತು ಅಂತ ನಮಗೂ ಗೊತ್ತಾಗಲ್ಲ."

ಹೌದು ಎಂದಿದ್ದರೆ ಅಲ್ಲೇ ಕೂತು ಗೋಳೋ ಎಂದು ಅಳಬಹುದಿತ್ತು. ಅಲ್ಲ ಎಂದಿದ್ದರೆ ಎದೆಯ ಭಾರ ಇಳಿಯುತ್ತಿತ್ತು. ಗೊತ್ತಾಗಲ್ಲ ಎಂಬುದನ್ನು ಇಟ್ಟುಕೊಂಡು ಏನು ಮಾಡುವುದು? ದಾರಿಯುದ್ದಕ್ಕೂ ರೋವೆನಾ ಅದನ್ನೇ ಯೋಚಿಸಿದಳು. ಒಮ್ಮೆ ತಾಯಿಯ ಮಾತು ಸರಿ ಎನಿಸಿದರೆ, ಮುಂದಿನ ತಿರುವಿನಲ್ಲಿ ಅತ್ತೆಯ ಮಾತೇ ಸರಿ ಎನಿಸುತ್ತಿತ್ತು.

ಯೋಗರಾಜ್ ಅವಳನ್ನು ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋದ. ಹಾಲಮ್ಮ ಕೋಳಿ ಕೊಯ್ದು ತೊಳೆದಿಟ್ಟು, ಊರಿಂದ ತಂದ ಸೀಮೆಬದನೆಯ ಸಿಪ್ಪೆ ಹೆರೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು. "ನಿಮ್ಮ ಸಾರಿಗೆ ಇದು ಆಗ್ತದನೇ?"

ಆಗುತ್ತಿತ್ತು. ಪಪ್ಪಾಯಿ ಸಿಗದ ದಿನ ನಾನಾಯ್ ಹಾಕುತ್ತಿದ್ದುದೂ ಅದನ್ನೇ. ರೋವೆನಾ ಸಾರು ಮಾಡಿದಳು. ಶುಂಠಿಯ, ಮಜ್ಜಿಗೆ ಹುಲ್ಲಿನ ಪರಿಮಳ ಮನೆ ತುಂಬಿತು. ಹಸಿವೂ ಆಗಿತ್ತು. ಬಟ್ಟಲು ಮುಂದಿಟ್ಟುಕೊಂಡು ಕೂತವಳಿಗೆ ಚಮಚ ಎತ್ತಲು ಕೈ ಬರಲಿಲ್ಲ. ಇದರಲ್ಲಿ ಇನ್ನೇನಿದೆಯೋ, ಯಾರು ಬಲ್ಲರು?

"ತಿನ್ನೇ," ಎಂದಳು ಹಾಲಮ್ಮ.

"ಅತ್ತೆ, ಮೊದಲು ಮಗು..." ರೋವೆನಾಳಿಗೆ ಕನ್ನಡ ಸಿಗಲಿಲ್ಲ. "ನಾನು ತಿಂದು ಹೋಯ್ತಾ?"

ಹಾಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಅವಳೆದುರು ನೆಲದ ಮೇಲೆ ಕೂತಳು.

"ನಾನು ಪಪ್ಪಾಯಿ ಮರದ ಬುಡಕ್ಕೂ ಹೋದವ್ಳಲ್ಲ," ಎಂದಳು. "ಯೋಗನ ಮುಂಚೆ ನಂಗೂ ಎರಡು ಹೋದ್ವು. ಎಂತದೋ ತಿಂದಿದೀಯ ನೀನು, ತಿಂದೇ ಕಳ್ಕಂಡಿದೀಯ ಅಂತ ನಮ್ಮತ್ತೆ ಸಾಯೋ ತನಕ ಅಂದ್ಳು. ಬೆಳಿಗ್ಗೆ ನಾನೂ ನಿಂಗೆ ಅದನ್ನೇ ಅಂದ್ನಲ್ಲೆ. ಯಾವ ಬಾಯಲ್ಲಿ ಅಂದ್ನೋ!"

ರೋವೆನಾಳಿಗೆ ಅರ್ಧ ಅರ್ಥವಾಯಿತು. ಎರಡು, ಹೋದ್ವು, ತಿಂದಿದೀಯ. ಮುದುಕಿಯ ಕಣ್ಣು ಒದ್ದೆಯಾದದ್ದು ನೋಡಿ ಉಳಿದರ್ಧವನ್ನು ಊಹಿಸಿಕೊಂಡಳು. ಆಮೇಲೆ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ನೀವು ಏನು ತಿಂದ್ರಿ, ಅತ್ತೆ?"

ಹಾಲಮ್ಮ ಅವಳ ಮುಖವನ್ನೇ ನೋಡಿದಳು. ಅಷ್ಟು ವರ್ಷ ಎಲ್ಲರೂ ಅಂದಿದ್ದರೇ ಹೊರತು ಒಬ್ಬರೂ ಕೇಳಿರಲಿಲ್ಲ.

"ಗಂಜಿ ಕಣೆ," ಎಂದಳು. "ನಮ್ಮನೇಲಿ ಆವಾಗ ಬೇರೆ ಎಂತ ಇತ್ತು? ಬರೀ ಗಂಜಿ."

ರೋವೆನಾ ಎದ್ದು ಇನ್ನೊಂದು ಬಟ್ಟಲು ತಂದು, ಸಾರು ಬಡಿಸಿ ಅತ್ತೆಯ ಮುಂದಿಟ್ಟಳು. ಹಾಲಮ್ಮ ಒಂದು ಗುಟುಕು ಕುಡಿದು, ಮುಖ ಕಿವುಚಿ, ಮತ್ತೆ ಕುಡಿದಳು. ಆಮೇಲೆ ರೋವೆನಾಳೂ ಚಮಚ ಎತ್ತಿದಳು.