ಕಡೇ ಸಾಲಿಗೆ ಕಾಣಬೇಕು

ಡಾಕ್ಟರಮ್ಮ ದಪ್ಪ ಕನ್ನಡಕ ತೆಗೆದರೆ ಮೂಗಿನ ಎರಡೂ ಬದಿ ಕೆಂಪಗೆ ಗುಳಿ ಬಿದ್ದಿರುತ್ತಿತ್ತು. ನಾನು ಸ್ಲೈಡು ಮಾಡಿ ಪರದೆಯ ಮೇಲೆ ಬಿಟ್ಟೆನೆಂದರೆ ಸಾಕು, ಕನ್ನಡಕ ಬಿಚ್ಚಿ ಕೈಯಲ್ಲಿ ಹಿಡಿದು, ಸೀದಾ ಕಡೇ ಸಾಲಿಗೆ ಹೋಗಿ ಕೂತುಬಿಡುತ್ತಿದ್ದರು. ಕನ್ನಡಕವಿಲ್ಲದ ಹಳ್ಳಿ ಮುದುಕರ ಹಾಗೆ ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡೋದು. "ಏನೂ ಕಾಣವಲ್ಲದಪ್ಪ. ಇರುವಿ ಸಾಲು ಹೊಂಟಂಗ ಐತಿ. ಅಳಿಸು."

ಆಸ್ಪರಿ ಕಡೆಯ ನಮ್ಮ ಸಣ್ಣ ದವಾಖಾನೆಯಲ್ಲಿ ನಾನು ಕಂಪ್ಯೂಟರ್ ಆಪರೇಟರು. ಅವರು ದಿನಾ ಆದೋನಿಯಿಂದ ಬಸ್ಸಿಗೆ ಬರುತ್ತಿದ್ದರು. ಹಳ್ಳಿಗಳಲ್ಲಿ ಜನರನ್ನು ಕೂಡಿಸಿ, ರೋಗರುಜಿನದ ಬಗ್ಗೆ ತಿಳಿಸಿ ಹೇಳುವುದೆಂದರೆ ಅವರಿಗೆ ಎಲ್ಲಿಲ್ಲದ ಹುರುಪು.

ನಮ್ಮ ಗಡಿ ಭಾಗಕ್ಕೊಂದು ಹುಚ್ಚಿದೆ. ಯಾರಿಗೂ ಬೇಜಾರಾಗಬಾರದೆಂದು ಪ್ರತಿ ಸಾಲನ್ನೂ ತೆಲುಗು, ಕನ್ನಡ, ಇಂಗ್ಲಿಷು ಮೂರರಲ್ಲೂ ಬರೆಯುತ್ತೇವೆ. ಮರ್ಯಾದೆ ಎಲ್ಲರಿಗೂ ಸಿಗುತ್ತದೆ, ಓದಲಿಕ್ಕೆ ಒಬ್ಬರಿಗೂ ಆಗುವುದಿಲ್ಲ. ಅದಕ್ಕೇ ಡಾಕ್ಟರಮ್ಮ ಸಿಡುಕುತ್ತಿದ್ದರು: "ಮಾತು ತೆಲುಗು, ಕನ್ನಡ ಎರಡರಾಗೂ ನಾ ಆಡ್ತೀನಿ. ಪರದಿ ಮ್ಯಾಲ ಒಂದು ಚಿತ್ರ ಹಾಕು. ಅಂತೇ, ಅಷ್ಟೇ!"

ಹಾವು ಕಚ್ಚಿದಾಗ ಏನು ಮಾಡಬೇಕೆಂಬ ಸ್ಲೈಡುಗಳು ಮಾತ್ರ ಮೇಲಿನ ಆಫೀಸಿನಿಂದ ತಯಾರಾಗಿಯೇ ಬಂದವು. ಒಂದು ಅಕ್ಷರ ಬದಲಿಸಬಾರದೆಂಬ ಫರ್ಮಾನು ಬೇರೆ! ಅದರಲ್ಲೊಂದು ಚಿತ್ರ. ಹಗ್ಗದಿಂದ ಬಿಗಿದು ಕಟ್ಟಿದ ಕಾಲು, ಪರದೆ ತುಂಬ. ಹೀಗೆ ಕಟ್ಟಬಾರದು ಎಂಬ ಕೆಂಪು ಗುರುತು ಎಲ್ಲಿತ್ತು ಅಂತೀರಿ? ಮೂಲೆಯಲ್ಲಿ, ಲಾಂಛನಗಳ ಸಂದಿಯಲ್ಲಿ, ಸಾಸಿವೆ ಕಾಳಿನಷ್ಟು.

ಡಾಕ್ಟರಮ್ಮ ಅವತ್ತೇ ಆ ಆಫೀಸಿನ ಸಾಹೇಬರಿಗೆ ಫೋನು ಮಾಡಿದರು. "ಸಾರ್, ಇದನ್ನ ತೆಗೀರಿ. ಮಂದಿ ಗುರುತು ನೋಡಂಗಿಲ್ಲ, ಕಾಲು ನೋಡ್ತಾರ." ಮದ್ದು ಕೊಡುವುದು ನಿಮ್ಮ ಕೆಲಸ, ಡಿಸೈನು ನಮಗೆ ಬಿಡಿ ಎಂದು ಸಾಹೇಬರು ಫೋನಿಟ್ಟರು. ಆ ಸ್ಲೈಡು ತೋರಿಸುವ ಹಳ್ಳಿಯ ಸಭೆಗೂ ಅವರೇ ಬಂದರು. ಜನರಿಗೆ ಬೆನ್ನು ತಿರುಗಿಸಿ, ಪರದೆಯಲ್ಲಿದ್ದುದನ್ನೆಲ್ಲ ಗಡಗಡ ಓದಿದರು. ಅದು ಮುಗಿದ ಮೇಲೆ ಡಾಕ್ಟರಮ್ಮ ಎದ್ದು "ಕಟ್ಟಬ್ಯಾಡ್ರಿ, ಕಟ್ಟಬ್ಯಾಡ್ರಿ" ಎಂದು ಕೂಗುವಷ್ಟರಲ್ಲಿ ಊಟದ ಪೊಟ್ಟಣ ಬಂದು ಜನರೆಲ್ಲ ಎದ್ದುಬಿಟ್ಟಿದ್ದರು.

ಮಳೆಗಾಲ ಶುರುವಾದಾಗ, ಆ ಸಭೆಗೆ ಬಂದಿದ್ದ ಕುರಿ ಮೇಯಿಸುವ ಹೆಣ್ಣುಮಗಳೊಬ್ಬಳನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಹಾವು ಕಚ್ಚಿತ್ತು. ಮೊಣಕಾಲ ಕೆಳಗೆ ಹಗ್ಗ, ರಕ್ತ ಹರಿಯದೆ ಪಾದ ಕರ್ರಗೆ. ಆಕೆಯ ಗಂಡ ಕೈಮುಗಿದು ಹೇಳಿದ, "ಅಮ್ಮಾ, ನೀವು ಪರದಿ ಮ್ಯಾಲ ತೋರಿಸಿದಂಗ ಗಟ್ಟಿಯಾಗಿ ಕಟ್ಟೀನ್ರಿ." ಪಾಪ, ಅವನ ಮುಖದಲ್ಲಿ ಹೆಮ್ಮೆಯಿತ್ತು. ಯಾರ ಮುಖಕ್ಕೆ ಉಗಿಯೋಣ ಹೇಳಿ! ಡಾಕ್ಟರಮ್ಮ ಸೂಜಿ ಮಾಡಿ, ಆದೋನಿಯ ದೊಡ್ಡಾಸ್ಪತ್ರೆಗೆ ತಾವೇ ಜೊತೆ ಹೋದರು. ಜೀವ ಉಳಿಯಿತು, ಪಾದ ಉಳಿಯಲಿಲ್ಲ.

ಮಾರನೆಯ ದಿನ ಬಂದವರೇ ನನ್ನೆದುರು ಕುರ್ಚಿ ಎಳೆದು ಕೂತರು. "ಬ್ಯಾಡ ಅನ್ನೋದನ್ನ ಎಂದೂ ತೋರಿಸಬ್ಯಾಡಪ್ಪ. ಕಣ್ಣಿಗೆ ಬಿದ್ದದ್ದೇ ತಲಿಯಾಗ ಉಳಿತೈತಿ." ಮೂರೇ ಸ್ಲೈಡು ಮಾಡಿಸಿದರು: ಹಾವು ಕಚ್ಚಿದ ಕಾಲು, ಅದನ್ನು ಅಲುಗಾಡಿಸದೆ ಮಲಗಿಸಿದ್ದು, ನಮ್ಮ ದವಾಖಾನೆಯ ಬಾಗಿಲು. ಒಂದಕ್ಷರವೂ ಇಲ್ಲ. ಅದನ್ನೇ ಊರೂರಿಗೆ ತೋರಿಸಿದೆವು. ಅಪ್ಪಣೆಯಿಲ್ಲದೆ ಸ್ಲೈಡು ಬದಲಿಸಿದ್ದೇಕೆ ಎಂದು ಡಾಕ್ಟರಮ್ಮನಿಗೆ ನೋಟೀಸು ಬಂತು. ಆ ಹಗ್ಗದ ಚಿತ್ರ ಮಾಡಿದವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಥೂ, ಈಗ ಬರೆಯುವಾಗಲೂ ಸಿಟ್ಟು ಬರುತ್ತದೆ.

ಹೋದ ವರ್ಷ ಡಾಕ್ಟರಮ್ಮ ಎದೆನೋವಿನಿಂದ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೂ ಆ ಆಫೀಸಿನಿಂದಲೇ ಸ್ಲೈಡು! ಮೇಲೆ ದೊಡ್ಡವರ ಫೋಟೋಗಳು, ನಡುವೆ ಮೂರು ಭಾಷೆಯ ಸಾಲುಗಳು, ಕೆಳಗೆ ಮೂಲೆಯಲ್ಲಿ ಹೆಬ್ಬೆರಳಷ್ಟು ಡಾಕ್ಟರಮ್ಮ. ಸಾಹೇಬರು ಭಾಷಣ ಮಾಡುತ್ತಿದ್ದರು. ಕಡೇ ಸಾಲಿನಿಂದ ಊರುಗೋಲು ಹಿಡಿದ ಆ ಹೆಣ್ಣುಮಗಳು ಕೂಗಿದಳು, "ತಮ್ಮಾ, ಅಮ್ಮ ಎಲ್ಲದಾಳ? ಕಾಣವಲ್ಲಳಲ್ಲ!"

ಮೈ ಉರಿದುಹೋಯಿತು. ಎದ್ದು ಹೋಗಿ ಲ್ಯಾಪ್‌ಟಾಪಿಗೆ ಕೈ ಹಾಕಿದೆ. ಲಾಂಛನ ಅಳಿಸಿದೆ, ಸಾಲುಗಳನ್ನು ಅಳಿಸಿದೆ, ದೊಡ್ಡವರನ್ನೂ ಬಿಡಲಿಲ್ಲ. ಡಾಕ್ಟರಮ್ಮನ ಮುಖವೊಂದನ್ನೇ ಪರದೆ ತುಂಬ ಎಳೆದೆ. "ಏಮಯ್ಯಾ ಇದಿ, ಏನಿದು?" ಎಂದು ಸಾಹೇಬರು ಗದರಿದರು. ಕೇಳಿಸಿಕೊಳ್ಳದೆ ಕಡೇ ಸಾಲಿಗೆ ಹೋಗಿ ಆಕೆಯ ಪಕ್ಕ ಕೂತೆ.

"ಹ್ಞಾಂ, ಈಗ ಕಂಡ್ಲು ನಮ್ಮವ್ವ," ಎಂದು ಆಕೆ ಸೆರಗು ಬಾಯಿಗಿಟ್ಟುಕೊಂಡಳು.

ಡಾಕ್ಟರಮ್ಮ ಫೋಟೋಕ್ಕೂ ಕನ್ನಡಕ ತೆಗೆದೇ ನಿಂತಿದ್ದರು. ಮೂಗಿನ ಮೇಲಿನ ಗುಳಿ ಕಡೇ ಸಾಲಿನವರೆಗೂ ಕಾಣುತ್ತಿತ್ತು.