ಮೊದಲು ಮ್ಯಾಲಿನ ಪೆಟಗಿ ಓದು

ಕೊರೊನಾ ಮುಗಿದು ಕಾಲೇಜುಗಳ ಬಾಗಿಲು ಮತ್ತೆ ತೆರೆದ ವರ್ಷ ಅದು. ರಾಯಚೂರಿನಲ್ಲಿ ನನ್ನ ಬಿಸಿಎ ಕೊನೆಯ ಪ್ರಾಯೋಗಿಕ ಪರೀಕ್ಷೆ ಇತ್ತು. ವೆಬ್ ಪ್ರೋಗ್ರಾಮಿಂಗ್ ಎಂಬ ಅದೊಂದೇ ವಿಷಯದಲ್ಲಿ ನಾನು ಮೊದಲು ಒಮ್ಮೆ ನಪಾಸಾಗಿದ್ದೆ.

ನಮ್ಮೂರು ಮಾನ್ವಿ. ಅವ್ವ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದಳು. ತೌಡಿನ ಧೂಳಿಗೆ ಅವಳ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ನಾನು ಅಭ್ಯಾಸ ಮಾಡುತ್ತಿದ್ದ ಕಂಪ್ಯೂಟರ್ ಸೆಂಟರ್‌ನ ಸರ್, "ಪಾಸಾಗಿ ಬಾ, ಇಲ್ಲೇ ಹುಡುಗರಿಗೆ ಪಾಠ ಹೇಳೋ ಕೆಲಸ ಕೊಡ್ತೀನಿ" ಎಂದಿದ್ದರು. ಅವ್ವನನ್ನು ಗಿರಣಿ ಬಿಡಿಸಲು ನನಗೆ ಕಂಡಿದ್ದ ದಾರಿ ಅದೊಂದೇ. ಪರೀಕ್ಷೆಯ ದಿನ ಅವ್ವ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಬಂದಿದ್ದಳು. "ನೀ ಬಂದು ಏನ್ ಮಾಡ್ತೀಬೇ?" ಎಂದು ರೇಗಿದ್ದೆ. ಅವಳು ಬುತ್ತಿ ಗಂಟು ಹಿಡಿದು ಕಾಲೇಜಿನ ಬೇವಿನ ಗಿಡದ ಕೆಳಗೆ ಕುಳಿತಳು.

ಒಂದು ಮಾತು ಹೇಳಬೇಕು. ನಾವು ಪ್ರೋಗ್ರಾಂ ಕಲಿಯುತ್ತಿರಲಿಲ್ಲ, ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದೆವು. ಪರದೆಯ ಮೇಲೆ ಕಿತ್ತಳೆ ಬಣ್ಣದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಸಾಲುಗಳು ಬಂದರೆ, "ಅದನ್ನ ನೋಡಬ್ಯಾಡ್ರಿ, ಕೆಳಗ ಸರಿಸಿ ಮುಂದ ಹೋಗ್ರಿ" ಎನ್ನುತ್ತಿದ್ದರು ಸರ್. ಸೆಂಟರ್‌ನ ಹಳೆಯ ಕಂಪ್ಯೂಟರ್‌ನಲ್ಲಿ ಹಾಗೇ ನಡೆದು ಹೋಗುತ್ತಿತ್ತು.

ಪರೀಕ್ಷೆಯಲ್ಲಿ ಲಾಗಿನ್ ಪುಟ ಮಾಡಲು ಬಂತು. ನನಗೆ ನಿದ್ದೆಗಣ್ಣಿನಲ್ಲೂ ಬರುವಂಥದ್ದು! ಬಂದವರು ಹೆಸರು ಹೇಳಿ ಒಳಗೆ ಹೋಗಬೇಕು, ಮುಂದಿನ ಪುಟದಲ್ಲಿ ಆ ಹೆಸರು ತಾನಾಗಿಯೇ ಕಾಣಬೇಕು. ಹೀಗೆ ಪುಟದಿಂದ ಪುಟಕ್ಕೆ ಹೆಸರನ್ನು ನೆನಪಿಡುವುದಕ್ಕೇ ಸೆಷನ್ ವೇರಿಯಬಲ್ ಎನ್ನುತ್ತಾರೆ. ಸರಸರ ಬರೆದು ಪುಟ ತೆರೆದೆ. ಮೇಲೆ ಕಿತ್ತಳೆ ಪೆಟ್ಟಿಗೆಗಳು ಬಂದವು. ರೂಢಿಯಂತೆ ಕೆಳಗೆ ಸರಿಸಿ ಹೆಸರು, ಪಾಸ್‌ವರ್ಡ್ ಒತ್ತಿದೆ. ಎರಡನೇ ಪುಟ "ಮೊದಲು ಲಾಗಿನ್ ಆಗಿ" ಎಂದು ಹೊರಗೆ ಹಾಕಿತು. ಮತ್ತೆ ಮಾಡಿದೆ, ಮತ್ತೆ ಅದೇ. ಸೆಷನ್ ವೇರಿಯಬಲ್‌ನಲ್ಲಿ ಏನಿದೆ ಎಂದು ತೆಗೆದು ನೋಡಿದರೆ ಖಾಲಿ. ಬಾಯಿಪಾಠದ ಒಂದು ಅಕ್ಷರವೂ ತಪ್ಪಿರಲಿಲ್ಲ. ಪಕ್ಕದವರೆಲ್ಲ ಮುಗಿಸಿ ಏಳತೊಡಗಿದರು. ನನ್ನ ಕಣ್ಣು ತುಂಬಿ ಪರದೆಯೇ ಕಾಣದಂತಾಯಿತು.

ಹೊರಗಿನ ಕಾಲೇಜಿನಿಂದ ಪರೀಕ್ಷಕರಾಗಿ ಬಂದಿದ್ದ ಮೇಡಂ ಒಬ್ಬರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ದೇವದುರ್ಗದವರಂತೆ.

"ಅಳೋದು ಆಮ್ಯಾಲ ಅಳುವಂತಿ. ಮೊದಲು ಮ್ಯಾಲಿನ ಪೆಟಗಿ ಓದು."

"ಅದು ಯಾವಾಗಲೂ ಬರ್ತದ್ರಿ ಮೇಡಂ. ಅದನ್ನ ನೋಡಬ್ಯಾಡ ಅಂದಾರ್ರಿ ನಮ್ಮ ಸರ್."

ಅವರು ನಕ್ಕರು. "ಬಾಗಿಲಿಗೆ ಬಂದು ಯಾರರ ಕೂಗಿದ್ರ ಕಿವಿ ಮುಚ್ಚಿಕೊಂಡು ಕೂಡ್ತೀಯೇನು? ನಾ ಉತ್ತರ ಹೇಳಂಗಿಲ್ಲ. ನೀನ ಓದು, ಜೋರಾಗಿ ಓದು."

ತಡವರಿಸುತ್ತ ಓದಿದೆ. ಮೂರು ವರ್ಷದಲ್ಲಿ ಮೊದಲ ಸಲ! ನೀನು ಬಳಸಿದ ಫಂಕ್ಷನ್, ಅಂದರೆ ಕಂಪ್ಯೂಟರ್‌ಗೆ ಕೊಟ್ಟ ಆಜ್ಞೆ, ಹಳೆಯದಾಯಿತು, ಮುಂದೆ ತೆಗೆದುಹಾಕುತ್ತೇವೆ, ಅದರ ಬದಲು ಇದನ್ನು ಬಳಸು ಎಂದು ಹೊಸದರ ಹೆಸರನ್ನೂ ಬರೆದಿತ್ತು. ಕೆಳಗಿನ ಪೆಟ್ಟಿಗೆಯಲ್ಲಿ, ಈ ಎಚ್ಚರಿಕೆ ಮೊದಲೇ ಹೊರಬಿದ್ದಿದ್ದರಿಂದ ಸೆಷನ್ ಶುರು ಮಾಡಲಾಗಲಿಲ್ಲ ಎಂದಿತ್ತು. ಅಯ್ಯೋ ಶಿವನೇ, ಅದು ನನಗೆ ದಾರಿ ಹೇಳುತ್ತಿತ್ತು, ನಾನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಹಳೆಯ ಫಂಕ್ಷನ್‌ಗಳನ್ನು ತೆಗೆದು ಹೊಸವನ್ನು ಬರೆದೆ. ಮತ್ತೊಂದು ಪೆಟ್ಟಿಗೆ ಬಂತು. ಈ ಸಲ ಹೇಳಿಸಿಕೊಳ್ಳದೆ ನಾನೇ ಓದಿದೆ. ಹೊಸ ಫಂಕ್ಷನ್‌ಗೆ, ಹೆಸರು-ಪಾಸ್‌ವರ್ಡ್‌ಗಳನ್ನು ಕೂಡಿಟ್ಟ ಡೇಟಾಬೇಸ್‌ನ ಸಂಪರ್ಕವನ್ನು ಮೊದಲು ಕೊಡಬೇಕಿತ್ತು. ಸರಿ ಮಾಡಿದೆ. ಪೆಟ್ಟಿಗೆ ಹೋಯಿತು. ಎರಡನೇ ಪುಟದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, "ನಮಸ್ಕಾರ ಹನುಮವ್ವ" ಎಂದು ಮೂಡಿತು.

"ಯಾರಿಕಿ ಹನುಮವ್ವ?"

"ನಮ್ಮವ್ವ ರೀ. ಪ್ರತಿ ಪ್ರೋಗ್ರಾಂಗೂ ಅಕಿ ಹೆಸರೇ ಹಾಕ್ತೀನ್ರಿ. ಹೊರಗ ಕುಂತಾಳ."

ಪರೀಕ್ಷೆ ಮುಗಿದು ಎಲ್ಲರೂ ಹೋದ ಮೇಲೆ ಮೇಡಂ, "ಒಂದ್ ನಿಮಿಷ ಕರ್ಕೊಂಡು ಬಾ" ಎಂದರು. ಅವ್ವ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಸೆರಗು ಸರಿ ಮಾಡಿಕೊಂಡು ಒಳಗೆ ಬಂದಳು. ಮೇಡಂ ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು.

"ನೋಡ್ರಿ ಯವ್ವಾ, ಇಲ್ಲಿ ನಿಮ್ಮ ಹೆಸರು."

ಅವ್ವ ಪರದೆಗೆ ಮುಖ ತಂದು ನೋಡಿದಳು. "ಇಂಗ್ಲೀಷಿನ್ಯಾಗ ನಾ ಹಿಂಗ ಕಾಣ್ತೀನೇನು?" ಎಂದಳು. ಮತ್ತೆ ನನ್ನ ಕಡೆ ತಿರುಗಿ, "ಬ್ಯಾರೆ ಪುಟಕ್ಕ ಹೋದ್ರ ಮರೀತದೇನಬೇ?"

"ಮರಿಯಂಗಿಲ್ಲ ಯವ್ವಾ. ನೀ ಹೊರಗ ಹೋಗೋತನ ನೆನಪಿಡ್ತದ."

"ಚೊಲೋ ಆತು ಬಿಡು. ಗಿರಣ್ಯಾಗ ಇಷ್ಟ್ ವರ್ಷ ಆತು, ಆಳು ನೋಡ್ಕೊಳ್ಳೋ ಮುಕಾದಮ್ ಇವತ್ತಿಗೂ 'ಏ ನಿನ್ನ ಹೆಸರೇನಬೇ' ಅಂತಾನ."

ಅವಳು ನಗುತ್ತಲೇ ಹೇಳಿದಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಪಾಸಾದೆ. ಅವ್ವ ಗಿರಣಿ ಬಿಟ್ಟಳು. ಈಗ ಮಾನ್ವಿಯ ಅದೇ ಸೆಂಟರ್‌ನಲ್ಲಿ ಪಾಠ ಹೇಳುತ್ತೇನೆ. ಯಾರ ಪರದೆಯಲ್ಲಾದರೂ ಆ ಪೆಟ್ಟಿಗೆ ಬಂದು "ಮಿಸ್ ಬರ್ರಿ" ಎಂದು ಕೂಗಿದರೆ, "ಮೊದಲು ಜೋರಾಗಿ ಓದು" ಎನ್ನುತ್ತೇನೆ. ಮಕ್ಕಳಿಗೆ ನಾನು ಸಿಡುಕಿ ಎಂದೇ ಹೆಸರು. ಇರಲಿ.

ಆದರೆ ಒಂದು ಮಾತ್ರ ಇವತ್ತಿಗೂ ಕಾಡುತ್ತದೆ. ಅವ್ವನ ಹೆಸರನ್ನು ಅಷ್ಟು ಪ್ರೀತಿಯಿಂದ ಕೇಳಿದ ಆ ಮೇಡಂ ಅವರ ಹೆಸರನ್ನು ನಾನು ಕೇಳಲೇ ಇಲ್ಲ.