ಬೈಗುಳ ಕೇಳುವ ಕಿವಿಯಕ್ಕ

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ರಸ್ತೆ ಗುಡಿಸುವವರ ಪೊರಕೆ ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ನಾಲ್ಕಂತಸ್ತಿನ ಕಟ್ಟಡದ ನೆಲಮಹಡಿಯ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಒಳಗೆ ನಲವತ್ತು ದಾಟಿದ ಹೆಂಗಸೊಬ್ಬರು ಚಪ್ಪಲಿಯನ್ನು ಮೇಜಿನ ಕೆಳಗೆ ತಳ್ಳಿ, ತಿರುಗುಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಹೆಡ್‌ಫೋನಿನ ಬಲಬದಿ ಕಿವಿಯ ಮೇಲೆ, ಎಡಬದಿ ಕಿವಿಯ ಹಿಂದೆ. ಕಣ್ಣು ಮುಚ್ಚಿ ಒಂದು ಗುಂಡಿ ಒತ್ತುತ್ತಾರೆ. ಯಾರೋ ಯಾರದೋ ವಂಶವೇ ನಿರ್ನಾಮವಾಗಲಿ ಎಂದು ಹಾರೈಸುತ್ತಿದ್ದಾರೆ. ಇವರು ಮುಖದ ಗೆರೆಯೂ ಅಲುಗದಂತೆ ಕೇಳಿ ಮುಗಿಸಿ, ಇನ್ನೊಂದು ಗುಂಡಿ ಒತ್ತುತ್ತಾರೆ.

"ನಂಗೆ ದಿನಾ ಸಿಗೋ ಗುಡ್ ಮಾರ್ನಿಂಗ್ ಇದೇ ನೋಡಿ" ಎಂದು ನಗುತ್ತಾರೆ.

ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದು. ಮೇಲಿನ ಮೂರು ಮಹಡಿಗಳಲ್ಲಿ ಕಂಪ್ಯೂಟರ್ ಆಟವೊಂದನ್ನು ಕಟ್ಟುವವರು ಕೂರುತ್ತಾರೆ. ಐದು ಜನ ಈ ಕಡೆ, ಐದು ಜನ ಆ ಕಡೆ, ಕೈಯಲ್ಲಿ ಬಂದೂಕು; ಪರದೆಯಲ್ಲಿ ನಿಮಗೆ ಕಾಣುವುದು ನಿಮ್ಮದೇ ಮುಂಗೈ ಮತ್ತು ಎದುರಿನ ಗೋಡೆ. ಗೋಡೆಗೆ ಬಣ್ಣ ಬಳಿಯುವವರು, ಬಂದೂಕಿನ ತೂಕ ತೀರ್ಮಾನಿಸುವವರು, ಹೆಜ್ಜೆ ಸದ್ದು ಮಾಡುವವರು, ಎಲ್ಲರೂ ಮೇಲಿದ್ದಾರೆ. ಆಟದ ಕೊನೆಯಲ್ಲಿ ಅವರೆಲ್ಲರ ಹೆಸರು ಸಾಲಾಗಿ ಬರುತ್ತದೆ. ಕಿವಿಯಕ್ಕನ ಹೆಸರು ಅದರಲ್ಲಿಲ್ಲ. ಇದ್ದಿದ್ದರೂ ಏನೆಂದು ಬರೆಯುತ್ತಿದ್ದರೋ, ಆ ದೇವರಿಗೇ ಗೊತ್ತು.

ಆಡುವವರು ತಂತಮ್ಮ ಮನೆಯಲ್ಲೇ ಕೂತು, ಮೈಕ್‌ನಲ್ಲಿ ತಂಡದವರೊಡನೆ ಮಾತಾಡುತ್ತಾರೆ. "ಮೆಟ್ಟಿಲ ಕೆಳಗೆ ಒಬ್ಬ ಇದ್ದಾನೆ", "ನಾನು ಬಾಗಿಲು ನೋಡ್ಕೋತೀನಿ" ಎನ್ನುತ್ತ ಒಬ್ಬರನ್ನೊಬ್ಬರು ಕಾಯುವುದರಲ್ಲೇ ಈ ಆಟದ ಸೊಗಸಿದೆ. ಸೋಲು ಹತ್ತಿರ ಬಂತೆಂದರೆ ಮಾತ್ರ ಅದೇ ಬಾಯಿಗಳು ಬೇರೆಯಾಗುತ್ತವೆ. ಬೈಸಿಕೊಂಡವರು ದೂರು ಒತ್ತಿದರೆ ಆ ಮಾತಿನ ತುಣುಕು ನೇರ ಈ ಕೋಣೆಗೆ ಬರುತ್ತದೆ. ರಾತ್ರಿಯಿಡೀ ಜಗಳವಾಡಿದವರ ರಾಶಿ ಬೆಳಗಿನ ಜಾವಕ್ಕೆ ಬಂದು ಬಿದ್ದಿರುತ್ತದೆ. ದಿನಕ್ಕೆ ಇನ್ನೂರರ ಆಸುಪಾಸು. ಕೇಳಬೇಕು, ತೀರ್ಮಾನಿಸಬೇಕು: ಬಿಟ್ಟುಬಿಡುವುದೋ, ಎಚ್ಚರಿಸುವುದೋ, ಕೆಲವು ದಿನ ಆಟದಿಂದಲೇ ಆಚೆ ಹಾಕುವುದೋ. ಎದುರು ಮೇಜಿನವರೂ ಅದನ್ನೇ ಕೇಳಿ ಅದೇ ಶಿಕ್ಷೆ ಒತ್ತಿದರಷ್ಟೇ ಅದು ಜಾರಿಗೆ ಬರುತ್ತದೆ.

ಮುಲಾಜಿಗೆ ಜಾಗ ಇರಬಾರದೆಂದು ಹೆಸರುಗಳನ್ನು ಅಳಿಸಿ ಕಳಿಸುತ್ತಾರೆ. ದನಿಯನ್ನೂ ಮರೆಮಾಚುತ್ತಾರೆ. ಗಂಡೋ ಹೆಣ್ಣೋ, ಎಳೆಯರೋ ಮುದುಕರೋ ಗೊತ್ತಾಗದಂತೆ, ಎಲ್ಲರೂ ಕೊಡದೊಳಗಿಂದ ಮಾತಾಡಿದ ಹಾಗೆ ಒಂದೇ ದನಿ. ಈ ಏರ್ಪಾಟನ್ನು ಕಿವಿಯಕ್ಕ ಈಗಲೂ ಹೊಗಳುತ್ತಾರೆ. ಅವರ ಮಾನ ಹೋದದ್ದೂ ಇದೇ ಏರ್ಪಾಟಿನಿಂದ.

ಇದಕ್ಕೂ ಮೊದಲು ಅವರು ನೀರಿನ ಪಂಪು ಮಾರುವ ಕಂಪನಿಯಲ್ಲಿ ಫೋನಿನಲ್ಲಿ ದೂರು ಕೇಳುತ್ತಿದ್ದರು. ಅದು ಮುಚ್ಚಿತು. ಗಂಡ ಶಾಲಾ ವ್ಯಾನ್ ಓಡಿಸುತ್ತಾರೆ. ಒಬ್ಬರ ದುಡಿಮೆಯಲ್ಲಿ ಮನೆ ನಡೆಯುವುದು ಕಷ್ಟವಿತ್ತು. ಕೇಳಿ ಕೇಳಿ ಅಭ್ಯಾಸವಿದೆಯಲ್ಲ ಎಂದು ಇಲ್ಲಿಗೆ ಅರ್ಜಿ ಹಾಕಿದರು. ಕೆಲಸ ಸಿಕ್ಕ ದಿನ ಮನೆಯಲ್ಲಿ ವಿವರ ಹೇಳುವಾಗ ಅತ್ತೆ ಕನ್ನಡಕ ಮೇಲೇರಿಸಿಕೊಂಡು ಕೇಳಿದ ಪ್ರಶ್ನೆಯನ್ನು ಕಿವಿಯಕ್ಕ ಅಭಿನಯಿಸಿಯೇ ತೋರಿಸುತ್ತಾರೆ: "ಬೈಗುಳ ಕೇಳೋಕೆ ಸಂಬಳ ಕೊಡ್ತಾರೇನೇ? ನಿಮ್ಮ ಮಾವ ಇದ್ದಾಗ ನಾನು ಜನ್ಮವೆಲ್ಲಾ ಪುಕ್ಕಟೆ ಕೇಳಿದ್ನಲ್ಲೇ!"

ಅಕ್ಕಪಕ್ಕದವರಿಗೆ ಮಾತ್ರ "ಕಂಪ್ಯೂಟರ್ ಕೆಲಸ" ಎಂದಷ್ಟೇ ಹೇಳಿದ್ದಾರೆ. ಅದಕ್ಕಿಂತ ಮುಂದೆ ಯಾರಾದರೂ ಕೆದಕಿದರೆ ಮಾತು ತಿರುಗಿಸುತ್ತಾರೆ.

"ಹೇಳೋಕೆ ನಾಚಿಕೆ ಆಗುತ್ತೆ. ಮೀನು ಹೆಚ್ಚಿದ ಕೈ ಇರುತ್ತಲ್ಲ, ಎಷ್ಟ್ ತೊಳೆದ್ರೂ ವಾಸನೆ ಹೋಗಲ್ಲ. ನನ್ನ ಕಿವಿ ಹಂಗಾಗಿದೆ. ಕಿವಿಗೆ ಬಿದ್ದಿದ್ದು ಯಾವಾಗ ನಾಲಿಗೆಗೆ ಇಳೀತೋ ಗೊತ್ತೇ ಆಗ್ಲಿಲ್ಲ."

ಮೊದಲು ಗೊತ್ತಾದದ್ದು ಗಂಡನಿಗೆ. ಒಂದು ದಿನ ವ್ಯಾನಿನಲ್ಲಿ ಪಕ್ಕ ಕೂತಿದ್ದಾಗ ಹಿಂದಿನ ಗಾಡಿಯವನು ಸುಮ್ಮಸುಮ್ಮನೆ ಹಾರ್ನ್ ಹೊಡೆದ. ಕಿವಿಯಕ್ಕನ ಬಾಯಿಂದ ಉದುರಿದ ಒಂದು ಮಾತಿಗೆ ಗಂಡ ಬೆಚ್ಚಿ ಬ್ರೇಕೇ ಒತ್ತಿಬಿಟ್ಟರು. ಪುಣ್ಯಕ್ಕೆ ವ್ಯಾನಿನಲ್ಲಿ ಮಕ್ಕಳಿರಲಿಲ್ಲ. ಇಬ್ಬರೂ ಮನೆ ಮುಟ್ಟುವ ತನಕ ನಕ್ಕರು. ಅಂದು ನಗಬಾರದಿತ್ತು ಎಂದು ಅವರಿಗೆ ಈಗ ಅನಿಸುತ್ತದೆ.

ಆಟ ಗೊತ್ತಿಲ್ಲದೆ ಬೈಗುಳದ ಹದ ತಿಳಿಯುವುದಿಲ್ಲ, ನೀವೂ ಆಡಿ ಎಂದು ಮೇಲಿನ ಮಹಡಿಯವರು ಹೇಳಿದಾಗ ಇವರು ಮೂಗು ಮುರಿದಿದ್ದರು. ಆದರೂ ಹಳೆಯ ಕಂಪ್ಯೂಟರೊಂದನ್ನು ತಂದು ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ಇಟ್ಟುಕೊಂಡರು. ಆಮೇಲೆ ರುಚಿ ಹತ್ತಿತು. ಸಂಜೆ ಪಾತ್ರೆ ತೊಳೆದಿಟ್ಟು ಕೂತರೆ ಕರೆದರೂ ಏಳುತ್ತಿರಲಿಲ್ಲ. ಆಟದಲ್ಲಿ ತಮಗೆ ತಾವೇ ಇಟ್ಟುಕೊಂಡ ಹೆಸರು ಗುಡುಗಮ್ಮ. ಈ ಹೆಸರನ್ನು ಅವರು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕಳೆದ ವರ್ಷದ ಒಂದು ಬೆಳಗ್ಗೆ, ಎಂದಿನ ರಾಶಿಯಲ್ಲಿ ಒಂದು ತುಣುಕು ಬಂತು. ಕೊಡದ ದನಿಯೊಂದು ತಂಡದವರೊಬ್ಬರ ಮೇಲೆ ಎಗರುತ್ತಿತ್ತು: "ಕೈ ಬಿದ್ದುಹೋಗಿದ್ಯಾ ನಿಂಗೆ? ಎದುರಿಗ್ ನಿಂತವನಿಗೇ ಹೊಡಿಯಕ್ಕಾಗಲ್ವಾ? ನಿನ್ನಂಥವರು ಯಾಕ್ ಬರ್ತೀರೋ ಆಡೋಕೆ! ಮೈಕ್ ಮುಚ್ಕೊಂಡ್ ಮೂಲೇಲಿ ಬಿದ್ದಿರು." ನಡುನಡುವೆ ಅಚ್ಚು ಹಾಕಲಾಗದ ಇನ್ನಷ್ಟು ಇತ್ತು. ಆ ಆರ್ಭಟದ ಅಡಿಯಲ್ಲಿ ಇನ್ನೊಂದು ದನಿ, ತೀರಾ ಮೆಲ್ಲಗೆ, ಏನೋ ಹೇಳುತ್ತಿತ್ತು. ಕಿವಿಯಕ್ಕ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. "ಕೈ ನಡುಗುತ್ತೆ ನಂಗೆ, ಕಾಯಿಲೆ. ಸ್ವಲ್ಪ ತಡ್ಕೊಳಿ."

"ಇಂಥ ಮನುಷ್ಯರೂ ಇರ್ತಾರಾ ಅಂದ್ಕೊಂಡೆ" ಎನ್ನುತ್ತಾರೆ ಅವರು. "ಅವರಷ್ಟು ಕಷ್ಟ ಹೇಳ್ಕೋತಿದ್ರೆ ಇದು ಕೇಳಿಸ್ಕೊಳ್ಳೋಕೂ ತಯಾರಿಲ್ವಲ್ಲ ಅಂತ ಮೈಯೆಲ್ಲಾ ಉರೀತು. ಏಳು ದಿನ ಆಚೆ ಅಂತ ಒತ್ತಿದೆ. ಇನ್ನೂ ದೊಡ್ಡ ಶಿಕ್ಷೆ ಇದ್ದಿದ್ರೆ ಅದನ್ನೇ ಒತ್ತಿರ್ತಿದ್ದೆ."

ಎದುರು ಮೇಜಿನವರು ಆಗಲೇ ಅದನ್ನೇ ಒತ್ತಿದ್ದರು. ಶಿಕ್ಷೆ ಜಾರಿಯಾಯಿತು. ತುಣುಕಿನ ಬಾಲ ಮಾತ್ರ ಇನ್ನೂ ಓಡುತ್ತಿತ್ತು. ಬೈಗುಳ ನಿಂತ ಮೇಲೆ ಹಿಂದಿನಿಂದ ಒಂದು ಬಾಗಿಲು ತೆರೆದ ಸದ್ದು ಬಂತು. ಮೊದಲು ಗೊರಕೆಯಂತೆ ಶುರುವಾಗಿ, ನಡುವೆ ತಡೆದು, ಕೊನೆಗೆ ಬೆಕ್ಕು ಕೂಗಿದಂತೆ ಎಳೆಯುವ ಬಾಗಿಲು. ಅದರ ಹಿಂದೆಯೇ ಸೀನು. ಒಂದಲ್ಲ, ಸಾಲು ಸಾಲು. ನಿಂತೇ ಹೋಯಿತು ಎನ್ನುವಾಗ ಇನ್ನೊಂದು. ಮನುಷ್ಯರ ಮಾತನ್ನು ಮರೆಮಾಚುವ ಯಂತ್ರಕ್ಕೆ ಬಾಗಿಲನ್ನೂ ಸೀನನ್ನೂ ಮರೆಮಾಚಲು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಬಾಗಿಲಿಗೆ ಎಣ್ಣೆ ಬಿಡಿ ಎಂದು ಕಿವಿಯಕ್ಕ ಗಂಡನಿಗೆ ಹೇಳುತ್ತಲೇ ಬಂದಿದ್ದರು. ಆ ಸೀನು ಅತ್ತೆಯದು.

"ಕೂತಿದ್ದ ಜಾಗದಲ್ಲೇ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಹೆಡ್‌ಫೋನ್ ತೆಗೆದೆ. ಎಲ್ರೂ ನನ್ನೇ ನೋಡ್ತಿದ್ದಾರೆ ಅನ್ನಿಸ್ತು. ಯಾರೂ ನೋಡ್ತಿರ್ಲಿಲ್ಲ. ಅವತ್ತಿನ ಆಟ ಚೆನ್ನಾಗಿ ನೆನಪಿತ್ತು ನಂಗೆ. ಸೋತಿದ್ದು ನೆನಪಿತ್ತು, ಬೈದಿದ್ದೂ ನೆನಪಿತ್ತು. ಆದ್ರೆ ಅವರು ಕೈ ನಡುಗುತ್ತೆ ಅಂದಿದ್ದು? ಇಲ್ಲ. ಅದು ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ. ಕೇಳೋದೇ ನನ್ನ ಕೆಲಸ. ಅನ್ನ ಹಾಕೋ ಕಿವಿನ ಮನೆಗೆ ಹೋಗೋವಾಗ ಆಫೀಸಲ್ಲೇ ಬಿಟ್ಟುಹೋಗಿದ್ನಾ?"

ಸಂಜೆ ಮನೆಯ ಪರದೆಯಲ್ಲಿ ಗುಡುಗಮ್ಮನಿಗೆ ಕಚೇರಿಯ ಒಕ್ಕಣೆಯೇ ಕಾದಿತ್ತು: ನಿಮ್ಮ ನಡವಳಿಕೆಯಿಂದ ಸಹ ಆಟಗಾರರಿಗೆ ನೋವಾಗಿದೆ. ಅತ್ತೆ ಹಿಂದಿನಿಂದ ಇಣುಕಿ "ಏನಂತೆ?" ಎಂದರು. ಕಿವಿಯಕ್ಕ "ಏನಿಲ್ಲ ಅತ್ತೆ, ರಿಪೇರಿ" ಎಂದರು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಟದಿಂದ ಆಚೆ ಹಾಕಿಸಿಕೊಂಡವರು ಈ ಕುರ್ಚಿಯಲ್ಲಿ ಕೂರುವಂತಿಲ್ಲ ಎಂಬ ನಿಯಮ ಅವರಿಗೆ ಗೊತ್ತಿತ್ತು. ಆದರೂ ಮರುದಿನ ಮೇಲ್ವಿಚಾರಕರ ಮುಂದೆ ಹೋಗಿ ನಿಂತರು. ಅವರು ಮೊದಲು ನಕ್ಕರು, ಆಮೇಲೆ ಗಂಭೀರವಾದರು. "ಯಾಕ್ ಹೇಳಿದ್ರಿ ನೀವು? ಈಗ ನಾನೇನ್ ಮಾಡ್ಲಿ?" ಎಂದು ತಲೆ ಕೆರೆದುಕೊಂಡರಂತೆ. ಕೊನೆಗೆ ಕೆಲಸ ಉಳಿಯಿತು. ಕೆಲವು ತಿಂಗಳು ತೀರ್ಪು ಕೊಡುವ ಮೇಜಿನಿಂದ ಎಬ್ಬಿಸಿ, ಸುಳ್ಳು ದೂರುಗಳನ್ನು ಬೇರ್ಪಡಿಸುವ ಮೂಲೆಗೆ ಕೂರಿಸಿದರು. ಹೊಸಬರು ಬಂದು "ಯಾಕಕ್ಕಾ ಈ ಮೂಲೆ?" ಎಂದು ಕೇಳಿದಾಗಲೆಲ್ಲ ಕಿವಿಯಕ್ಕ ತಲೆ ತಗ್ಗಿಸಿ ನಿಜವನ್ನೇ ಹೇಳಿದರು.

ಆ ಶಿಕ್ಷೆ ತೀರಿತು. ತೀರದೆ ಉಳಿದದ್ದು ಬೇರೆ. ಕೈ ನಡುಗುವ ಆ ಆಟಗಾರರ ಆಟದ ಹೆಸರು ಆಮೆ ಎಂಬುದು ಅಂದು ಬೈಯುವಾಗ ಪರದೆಯಲ್ಲಿ ಕಂಡದ್ದು ಕಿವಿಯಕ್ಕನಿಗೆ ನೆನಪಿತ್ತು. ಹಿಂದೆ ಜೊತೆಗೆ ಆಡಿದವರು ಈಗ ಆಡುತ್ತಿದ್ದರೆ ಪಕ್ಕದಲ್ಲಿ ನಿಂತಂತೆ ನೋಡಲು ಈ ಆಟದಲ್ಲಿ ಅವಕಾಶವಿದೆ. ಕಿವಿಯಕ್ಕ ನೋಡಿದರು. ಆಮೆ ಆಡುತ್ತಿದ್ದರು. ಹೆಸರಿನ ಪಕ್ಕದ ಮೈಕ್ ಚಿತ್ರದ ಮೇಲೆ ಅಡ್ಡಗೆರೆ ಇತ್ತು. ಮರುದಿನವೂ ಇತ್ತು. ಮುಂದಿನ ತಿಂಗಳೂ ಇತ್ತು. ಮೈಕ್ ಮುಚ್ಚಿಕೊಂಡು ಮೂಲೆಯಲ್ಲಿ ಬಿದ್ದಿರು ಎಂದದ್ದನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. ತಂಡದವರು ಏನು ಕೇಳಿದರೂ ಉತ್ತರವಿಲ್ಲ. ಯಾವುದೋ ಮೂಲೆ ಕಾಯುತ್ತ ನಿಂತಿರುತ್ತಿದ್ದರು.

ಕಂಪನಿಯ ಕಡೆಯಿಂದ ಕ್ಷಮೆ ಕೇಳಿಸಿ ಎಂದು ಕಿವಿಯಕ್ಕ ಕೇಳಿಕೊಂಡರು. ಮೇಲ್ವಿಚಾರಕರು ಒಪ್ಪಲಿಲ್ಲ, ದೂರು ಕೇಳಿ ತೀರ್ಪು ಕೊಡುವವರು ಯಾರೆಂಬುದು ಆಡುವವರಿಗೆ ಗೊತ್ತಾಗಬಾರದು ಎಂದರು. ತಾವೇ ಬರೆಯೋಣವೆಂದು ಹಲವು ಸಲ ಬರೆದರು, ಅಳಿಸಿದರು. "ಬಾಯಲ್ಲಿ ಆಡಿದ್ದನ್ನ ಬೆರಳಲ್ಲಿ ಒರೆಸೋಕಾಗುತ್ತಾ?" ಎನ್ನುತ್ತಾರೆ. ಗುಡುಗಮ್ಮನಾಗಿ ಹೋಗಲು ಮುಖವಿಲ್ಲದೆ, ಹೊಸ ಖಾತೆ ತೆರೆದು, ಹೊಸಬ ಎಂದು ಹೆಸರಿಟ್ಟುಕೊಂಡು, ತಮ್ಮ ಮೈಕನ್ನೂ ಮುಚ್ಚಿಕೊಂಡು ಆಡತೊಡಗಿದರು.

ಒಂದು ಭಾನುವಾರ ಸಂಜೆ ಇಬ್ಬರೂ ಒಂದೇ ತಂಡಕ್ಕೆ ಬಂದು ಬಿದ್ದರು. ಆಟದ ನಡುವೆ ಕಿವಿಯಕ್ಕ ಗುಂಡು ತಗುಲಿ ಅಂಗಳದಲ್ಲಿ ಬಿದ್ದರು. ಹಾಗೆ ಬಿದ್ದವರನ್ನು ಜೊತೆಗಾರರು ಎಬ್ಬಿಸಬಹುದು. ಆದರೆ ಗುರಿಯನ್ನು ಅವರ ಮೇಲೆ ಅಲುಗದಂತೆ ಹಿಡಿದಿರಬೇಕು. ಉಳಿದವರು ನೋಡಿಯೂ ನೋಡದಂತೆ ಓಡಿದರು. ಮೂಲೆ ಬಿಟ್ಟು ಬಂದವರು ಆಮೆ. ಗುರಿ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಎದುರಾಳಿಗಳ ಹೆಜ್ಜೆ ಸದ್ದು ಹತ್ತಿರವಾಗುತ್ತಿದ್ದರೂ ಅವರು ಬಿಡಲಿಲ್ಲ. ಕಿವಿಯಕ್ಕ ಎದ್ದು ನಿಂತರು. ಅದೇ ಗಳಿಗೆಯಲ್ಲಿ ಗುಂಡು ಬಿದ್ದು ಆಮೆ ಉರುಳಿದರು.

"ಒಂದು ಥ್ಯಾಂಕ್ಸ್ ಹೇಳೋಕೂ ಆಗ್ಲಿಲ್ಲ" ಎನ್ನುವಾಗ ಕಿವಿಯಕ್ಕನ ಕಣ್ಣು ತುಂಬುತ್ತದೆ. "ಬಾಯಿ ಬಿಟ್ರೆ ದನಿ ಗುರುತು ಸಿಗುತ್ತಲ್ಲ. ಯಾರನ್ನ ಎಬ್ಬಿಸಿದ್ದೀನಿ ಅಂತ ಅವರಿಗೆ ಗೊತ್ತೇ ಇಲ್ಲ. ನಾನು ಕಳ್ಳಿ ಥರ ಕೂತಿದ್ದೆ. ಬೈದ ದಿನಕ್ಕಿಂತ ಅವತ್ತೇ ನಂಗೆ ಹೆಚ್ಚು ನಾಚಿಕೆ ಆಗಿದ್ದು."

ಗಂಡ ಕೊನೆಗೂ ಎಣ್ಣೆ ಡಬ್ಬಿ ತಂದಿದ್ದಾರೆ. ಕಿವಿಯಕ್ಕ ಬಾಗಿಲು ಮುಟ್ಟಲು ಬಿಟ್ಟಿಲ್ಲ. ಅದು ಕೂಗಿದಾಗಲೆಲ್ಲ ಬಾಯಿ ತಾನಾಗಿ ಮುಚ್ಚುತ್ತದೆ, ಇರಲಿ ಬಿಡಿ ಎನ್ನುತ್ತಾರೆ. ಅತ್ತೆಗೆ ಎಲ್ಲ ಗೊತ್ತಾಗಿದೆ. ತಮ್ಮ ಸೀನು ನ್ಯಾಯ ಕೊಡಿಸಿತು ಎಂದು ಬಂದವರಿಗೆಲ್ಲ ಹೇಳಿಕೊಂಡು ಸೊಸೆಯ ಮಾನವನ್ನು ಇನ್ನಷ್ಟು ಕಳೆಯುತ್ತಿದ್ದಾರೆ.

ಈಗ ಕಿವಿಯಕ್ಕ ಮತ್ತೆ ತೀರ್ಪಿನ ಮೇಜಿಗೆ ಮರಳಿದ್ದಾರೆ. ಪ್ರತಿ ತುಣುಕನ್ನೂ ಕೊನೆಯ ಉಸಿರಿನ ತನಕ ಕೇಳಿಯೇ ಗುಂಡಿ ಒತ್ತುತ್ತಾರೆ. ಹಾಗಾಗಿ ರಾಶಿ ಕರಗುವುದು ತಡವಾಗುತ್ತದೆ, ಮೇಲ್ವಿಚಾರಕರಿಂದ ಬೈಸಿಕೊಳ್ಳುತ್ತಾರೆ. ಹೊಸಬ ಖಾತೆಯನ್ನು ಮೊನ್ನೆ ಅಳಿಸಿದರು. ಗುಡುಗಮ್ಮನಾಗಿಯೇ ಹೋಗಿ, ತಮ್ಮ ಮೈಕಿನ ಗೆರೆ ತೆಗೆದು, ಜೊತೆಗೆ ಆಡುತ್ತೀರಾ ಎಂದು ಆಮೆಗೆ ಕರೆ ಕಳಿಸಿದ್ದಾರೆ. ಆಮೆ ಒಪ್ಪಿಯೂ ಇಲ್ಲ, ತಳ್ಳಿಹಾಕಿಯೂ ಇಲ್ಲ. ದಿನಾ ಸಂಜೆ ಪಾತ್ರೆ ತೊಳೆದಿಟ್ಟು, ಒದ್ದೆ ಕೈ ಒರೆಸಿಕೊಂಡು, ಕಿವಿಯಕ್ಕ ಪರದೆಯ ಮುಂದೆ ಹೋಗಿ ಕೂರುತ್ತಾರೆ. ಈಗ ಹೆಡ್‌ಫೋನಿನ ಎರಡು ಬದಿಯೂ ಕಿವಿಯ ಮೇಲೇ ಇರುತ್ತವೆ.

ಆಮೆ ಬಂದರೆ ಏನು ಹೇಳುತ್ತೀರಿ ಎಂದರೆ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಡುತ್ತಾರೆ.

"ನಾನೇನೂ ಹೇಳಲ್ಲ. ತಪ್ಪಾಯ್ತು ಅಂತೀನಿ, ಅಷ್ಟೇ. ಆಮೇಲೆ ಅವರೇ ಹೇಳ್ಲಿ. ಮೈಕ್ ಆನ್ ಮಾಡಿ ಬಾಯಿ ತುಂಬ ಬೈಲಿ ನಂಗೆ, ಎಷ್ಟು ಹೊತ್ತಾದ್ರೂ ಸರಿ. ಪೂರ್ತಿ ಕೇಳಿಸ್ಕೋತೀನಿ. ರಿಪೋರ್ಟ್ ಮಾಡಲ್ಲ."